ಮಂಡಿಯೂರುವ ಮನಸ್ಸು

ಲೂಕನ ಸುವಾರ್ತೆಯ ಒಂದು ಸಾಮತಿಯಲ್ಲಿ ಇಬ್ಬರು ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ಇಬ್ಬರೂ ನಿಂತುಕೊಂಡೇ ಪ್ರಾರ್ಥಿಸುತ್ತಾರೆ. ಫರಿಸಾಯ ತನ್ನ ಉಪವಾಸ, ದಶಾಂಶಗಳ ಲೆಕ್ಕ ಒಪ್ಪಿಸುತ್ತ ಸುಂಕದವನನ್ನು ಬೊಟ್ಟು ಮಾಡುತ್ತಾನೆ. ಸುಂಕದವನು ದೂರದಲ್ಲೇ ನಿಂತಿದ್ದಾನೆ. ಕಣ್ಣೆತ್ತಲಾರ. ಎದೆ ಬಡಿದುಕೊಳ್ಳುತ್ತಾನೆ. ಇಬ್ಬರೂ ನಿಂತಿದ್ದಾರೆ ನಿಜ, ಆದರೆ ಒಬ್ಬನ ಮೈ ದೇವರ ಮುಂದಿದೆ, ಇನ್ನೊಬ್ಬನದು ಜನರ ಮುಂದೆ.

ಈ ಕಥೆಯನ್ನೇ ಹಿಡಿದು, ಮನಸ್ಸು ಸರಿಯಿದ್ದರೆ ಸಾಕು, ಮೈ ಹೇಗಿದ್ದರೇನು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸುಂಕದವನು ಬಾಯಿ ತೆರೆಯುವ ಮೊದಲೇ ಅವನ ಕಣ್ಣು, ಕೈಗಳು ಎಲ್ಲವನ್ನೂ ಹೇಳಿ ಮುಗಿಸಿದ್ದವು. ಬಂಧನಕ್ಕೆ ಮುಂಚೆ ಗೆತ್ಸೆಮನೆಯಲ್ಲಿ ಪ್ರಾರ್ಥಿಸಿದ ರಾತ್ರಿ ಯೇಸು ಮಂಡಿಯೂರಿದರೆಂದು ಲೂಕ ಬರೆಯುತ್ತಾನೆ, ಬೋರಲು ಬಿದ್ದರೆಂದು ಮತ್ತಾಯ. ದೇವರೇ ಮೈ ತಳೆದು ಬಂದನೆಂದು ನಂಬುವವರು ತಮ್ಮ ಮೈಯನ್ನು ಪ್ರಾರ್ಥನೆಯ ಹೊರಗೆ ಹೇಗೆ ನಿಲ್ಲಿಸಿಯಾರು? ಮನಸ್ಸು ಬರಡಾಗಿ ಒಂದು ಮಾತೂ ಹೊರಡದ ದಿನಗಳಿರುತ್ತವೆ. ಆಗ ಮಂಡಿಯಾದರೂ ನೆಲ ಮುಟ್ಟುತ್ತದೆ. ಮೈ ಮುಂದೆ ಹೋಗುತ್ತದೆ. ಹಟ ಹಿಡಿದ ಮಗು ಕೊನೆಗೆ ತಾಯಿಯ ಸೆರಗು ಹಿಡಿದು ಬರುವಂತೆ ಮನಸ್ಸು ಹಿಂದಿನಿಂದ ಬರುತ್ತದೆ.

ಯಾವ ಭಂಗಿ ಎಂಬುದು ಮಾತ್ರ ಎಲ್ಲ ಕಾಲಕ್ಕೂ ಒಂದೇ ಆಗಿಲ್ಲ. ಭಾನುವಾರಗಳಲ್ಲೂ ಈಸ್ಟರ್‌ನಿಂದ ಪೆಂತಕೋಸ್ತದವರೆಗಿನ ದಿನಗಳಲ್ಲೂ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕೆಂದು 325ರ ನೈಸಿಯ ಮಹಾಸಭೆ ವಿಧಿಸಿತ್ತು. ಅವು ಪುನರುತ್ಥಾನದ ಸಂತೋಷದ ದಿನಗಳು. ನಮ್ಮ ಕಾಲಕ್ಕೆ ಬಂದರೆ, ಪೂಜಾವಿಧಿಯಲ್ಲಿ ಭಾರತದ ಕಥೋಲಿಕ ಬಿಷಪರು ಕೇಳಿಕೊಂಡ ಹನ್ನೆರಡು ಬದಲಾವಣೆಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ಬರುವುದು, ನೆಲದ ಮೇಲೆ ಕೂರುವುದು, ಮಂಡಿ ಬಾಗಿಸುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ ಅವುಗಳಲ್ಲಿ ಸೇರಿದ್ದವು. ಫಾದರ್ ಅಮಲೋರ್‌ಪವದಾಸ್ ನೇತೃತ್ವದಲ್ಲಿ ಕಥೋಲಿಕ ಸಭೆಯ ಬೈಬಲ್, ಧರ್ಮಬೋಧೆ, ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರವಾದ ಬೆಂಗಳೂರಿನ ಎನ್‌ಬಿಸಿಎಲ್‌ಸಿ ಇವನ್ನು ಆಚರಣೆಗೆ ತಂದಾಗ, ಇದು ಬೇರೆಯವರ ಪೂಜೆಯ ಅನುಕರಣೆ ಎಂದು ನೊಂದ ಕ್ರೈಸ್ತರೂ ಇದ್ದರು. ಅವರ ನೋವು ಸುಳ್ಳಲ್ಲ. ಅಜ್ಜಿಯ ಕಾಲದಿಂದ ಮಂಡಿಯೂರಿ ಬಂದವರಿಗೆ ಅದೇ ಭಕ್ತಿಯ ಗುರುತಾಗಿತ್ತು. ಆದರೂ ಹೊಸಿಲ ಹೊರಗೆ ಚಪ್ಪಲಿ ಬಿಡುವುದನ್ನು ಮೈಗೆ ಕಲಿಸಿದ್ದು ಈ ನೆಲ. ಕಲಿತ ಆ ಗೌರವವನ್ನು ದೇವರ ಮನೆಯ ಬಾಗಿಲಲ್ಲಿ ಬಿಟ್ಟುಬಿಡು ಎನ್ನುವುದು ನನಗೆ ಸರಿಕಾಣುವುದಿಲ್ಲ.

ಮಂಡಿ ನೋವಿನ ಮುದುಕಿ ಬೆಂಚಿನಲ್ಲಿ ಕುಳಿತೇ ತಲೆಬಾಗಿದರೆ ಅಷ್ಟೇ ಸಾಕು. ಅವಳತ್ತ ತಿರುಗಿ ನೋಡುವವರ ಕಣ್ಣು ಎಲ್ಲಿರಬೇಕಿತ್ತೋ ಅಲ್ಲಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದನ್ನು ಯಾಕೋಬನ ಪತ್ರ ಎತ್ತುತ್ತದೆ. ಸಭೆಗೆ ಬಂದ ಹಣವಂತನಿಗೆ ಒಳ್ಳೆಯ ಪೀಠ ಕೊಟ್ಟು, ಕೊಳಕು ಬಟ್ಟೆಯ ಬಡವನನ್ನು ಕಾಲ ಬಳಿ ಕೂರಿಸುವವರನ್ನು ಅದು ಬಿಡದೆ ಖಂಡಿಸುತ್ತದೆ. ದೇವರ ಮುಂದೆ ಬಾಗುವ ಮೈ ಪಕ್ಕದವನ ಮುಂದೆ ಸೆಟೆದು ನಿಂತರೆ ಆ ಬಾಗುವಿಕೆಗೆ ಏನರ್ಥ? ಯೇಸು ಕೊನೆಯ ಭೋಜನದ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಪಾದ ತೊಳೆದರು. ಪೇತ್ರನಿಗೆ ಅದನ್ನು ಸಹಿಸುವುದೇ ಕಷ್ಟವಾಯಿತು. ಅದರ ನೆನಪಿಗೆ ಪವಿತ್ರ ಗುರುವಾರ ಗುರುಗಳು ಇಂದಿಗೂ ಜನರ ಪಾದ ತೊಳೆಯುತ್ತಾರೆ.

2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋದರು. 76ರ ಆ ಮುದುಕರು ನೆಲಕ್ಕೆ ಮಂಡಿಯೂರಿ ಹನ್ನೆರಡು ಮಂದಿಯ ಪಾದ ತೊಳೆದು ಮುತ್ತಿಟ್ಟರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಆ ವಿಧಿಗೆ ಗಂಡಸರನ್ನೇ ಆರಿಸಬೇಕೆಂಬ ನಿಯಮ ಆಗಿನ್ನೂ ಪೂಜಾ ಪುಸ್ತಕದಲ್ಲಿತ್ತು. ಅದು ಬದಲಾದದ್ದು 2016ರ ಜನವರಿಯಲ್ಲಿ. ಈಗ ಹಲವು ಚರ್ಚುಗಳಲ್ಲಿ ಆ ದಿನ ಪಾದ ತೊಳೆಸಿಕೊಳ್ಳುವವರ ಸಾಲಿನಲ್ಲಿ ಹೆಂಗಸರೂ ಕೂರುತ್ತಾರೆ.