ಇಂದಿನ ಧಮ್ಮ ಚಿಂತನೆ: ನೀರು ಕೇಳದ ಹೂವು





ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆ ಹೋದವರು ಲಂಟಾನ ನೋಡಿಯೇ ಇರುತ್ತೀರಿ. ಒಂದೇ ಗೊಂಚಲಲ್ಲಿ ಹಳದಿ, ಕಿತ್ತಳೆ, ಕೆಂಪು ಹೂವು. ಸುಮಾರು 200 ವರ್ಷಗಳ ಹಿಂದೆ ಬ್ರಿಟಿಷರ ಕಾಲದಲ್ಲಿ ಅಮೆರಿಕ ಖಂಡದ ಬಿಸಿನಾಡುಗಳಿಂದ ಅಂದಕ್ಕೆಂದು ತಂದ ಗಿಡ. ಆಮೇಲೆ ಬೇಲಿಗೂ ಆಯಿತು. ಬರಗಾಲಕ್ಕೂ ಬಗ್ಗುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ. ಜನ ಮೆಚ್ಚಿದ್ದು ಈ ಗುಣವನ್ನೇ. ಅದು ಕಾಡಿಗೆ ನುಗ್ಗಿ, ಹುಲ್ಲನ್ನು ಅಡಗಿಸಿ, ಜಿಂಕೆಯ ಮೇವು ಕಸಿದದ್ದೂ ಇದೇ ಗುಣದಿಂದ.

ನಮ್ಮ ಮನಸ್ಸಿನಲ್ಲೂ ಇಂಥದೊಂದು ಗಿಡವಿದೆ. ಅದರ ಹೆಸರು ಹಗೆ. ಮೈತ್ರಿಗೆ ದಿನಾ ನೀರೆರೆಯಬೇಕು. ಹಗೆಗೆ ಏನೂ ಬೇಡ. ಮನೆ ಪಾಲಾದ ದಿನ ಅಣ್ಣ ಆಡಿದ ಒಂದು ಮಾತು 20 ವರ್ಷವಾದರೂ ಬಾಡುವುದಿಲ್ಲ. ಮೊದಮೊದಲು ಅದು ನಮ್ಮನ್ನು ಕಾಯುವ ಬೇಲಿ ಅನ್ನಿಸುತ್ತದೆ. ಕೊನೆಗೆ ಅಣ್ಣನ ಮಗಳ ಮದುವೆಗೆ ಹೋಗಲೂ ದಾರಿ ಬಿಡುವುದಿಲ್ಲ.

ಲಂಟಾನವನ್ನು ಮೇಲೆ ಮೇಲೆ ಸವರಿದರೆ ಮತ್ತಷ್ಟು ದಟ್ಟವಾಗಿ ಚಿಗುರುತ್ತದೆ. ಬಲ್ಲವರು ಮಣ್ಣಿನೊಳಗೆ ಎರಡು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಲು ಬಿಡುತ್ತಾರೆ. "ಹೋಗಲಿ ಬಿಡು" ಎಂದು ಬಾಯಲ್ಲಿ ಅನ್ನುವುದು ಕೊಂಬೆ ಸವರಿದ ಹಾಗೆ. ಬೇರು ಇರುವುದು "ನನ್ನ ಪಾಲು, ನನ್ನ ಮಾನ" ಎಂಬ ಅಂಟಿನಲ್ಲಿ. ಧಮ್ಮಪದದ ತಣ್ಹಾವಗ್ಗದಲ್ಲಿ ತೃಷ್ಣೆಯನ್ನು ಕೀಳುವುದಕ್ಕೆ ಲಾವಂಚದ ಬೇರು ಅಗೆಯುವವನ ಹೋಲಿಕೆ ಬರುತ್ತದೆ. ಲಾವಂಚ ಬೇಕಾದವನು ಹುಲ್ಲಿನ ತುದಿ ಕೊಯ್ದು ಮನೆಗೆ ಹೋಗುವುದಿಲ್ಲ.

ಬೇರು ಕಿತ್ತರೂ ಕೆಲಸ ಮುಗಿಯದು. ಹಕ್ಕಿಗಳು ಹಣ್ಣು ತಿಂದು ಮತ್ತೆ ಬೀಜ ಉದುರಿಸುತ್ತವೆ. ಯಾರೋ ನೆಂಟರು ಹಳೆಯ ಮಾತು ಎತ್ತುವುದೂ ಹಾಗೆಯೇ. ಅದಕ್ಕೇ ಎಳೆಯ ಸಸಿಗಳನ್ನು ಕೀಳುತ್ತಿರಬೇಕು, ತೆರವಾದ ನೆಲದಲ್ಲಿ ಊರಿನ ಹುಲ್ಲು ಬಿತ್ತಬೇಕು.

ಭಗವಾನರು ಹೇಳಿದ *ನಾಲ್ಕು ಸಮ್ಯಕ್ ಪ್ರಯತ್ನಗಳು* ಇವೇ:
🌱 ಹುಟ್ಟದ ಅಕುಶಲವನ್ನು ತಡೆಯುವುದು
🌱 ಹುಟ್ಟಿದ ಅಕುಶಲವನ್ನು ಬಿಡುವುದು
🌱 ಹುಟ್ಟದ ಕುಶಲವನ್ನು ಹುಟ್ಟಿಸುವುದು
🌱 ಹುಟ್ಟಿದ ಕುಶಲವನ್ನು ಕಾಪಾಡಿ ಬೆಳೆಸುವುದು

*ಇಂದಿನ ಅಭ್ಯಾಸ:* 10 ನಿಮಿಷ ಸುಮ್ಮನೆ ಕುಳಿತು, ಯಾರ ಹೆಸರು ಕೇಳಿದರೆ ಎದೆ ಬಿಗಿಯುತ್ತದೋ ಅವರನ್ನು ನೆನೆಯಿರಿ. ಅವರ ತಪ್ಪನ್ನು ಎಣಿಸಬೇಡಿ. ಆ ಬಿಗಿತದ ಕೆಳಗೆ "ನನ್ನದು" ಎನ್ನುವುದು ಏನಿದೆ, ಅಷ್ಟೇ ನೋಡಿ. ಆಮೇಲೆ ಅವರಿಗೂ ಒಳ್ಳೆಯದಾಗಲಿ ಎಂದು ಹಾರೈಸಿ. ಆದರೆ, ಒಂದು ಫೋನ್ ಮಾಡಿ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು! 🪷