ತೇಪೆಯ ಧರ್ಮ

ಪರರು ರಚಿಸಿ ಲೋಕಕ್ಕೆ ಒಪ್ಪಿಸಿದ ಕೃತಿಯೊಂದನ್ನು ನಮ್ಮ ಅನುಕೂಲಕ್ಕಾಗಿ ತಿದ್ದಿಕೊಂಡೆವೆಂದು ಭಾವಿಸೋಣ. ಮೂಲಕರ್ತರು ಸುಮ್ಮನೆ ಕುಳಿತವರಲ್ಲ. ವರ್ಷಕ್ಕೆ ಐದಾರು ಸಲ ಅದನ್ನು ಪರಿಷ್ಕರಿಸಿ ಹೊರತರುವವರು. ಹೀಗಿರಲು ನಮ್ಮ ತಿದ್ದುಪಡಿಯ ಗತಿಯೇನು? ಹಳೆಯ ಪ್ರತಿಯಲ್ಲಿಯೇ ನಿಂತುಬಿಡುವುದೆ, ಪ್ರತಿಸಲವೂ ಹೊಸ ಪ್ರತಿಗೆ ಅದನ್ನು ಹೊಂದಿಸುವುದೆ, ಅಥವಾ ಮೂಲದವರ ಕೈಗೇ ಒಪ್ಪಿಸಿ ನಿಶ್ಚಿಂತರಾಗುವುದೆ? ಯಂತ್ರವನ್ನು ಬಲ್ಲವರು ದಿನವೂ ಎದುರಿಸುವ ಈ ಪ್ರಶ್ನೆಯಲ್ಲಿ ಋಣದ ವಿಚಾರವೊಂದು ಅಡಗಿದೆಯೆಂದು ನಮಗೆ ತೋರುತ್ತದೆ.

ಗಣಕಯಂತ್ರದ ಅಂಗಗಳನ್ನೆಲ್ಲ ಆಳುವ ತಂತ್ರಾಂಶದ ತಿರುಳಿಗೆ ಕರ್ನೆಲ್ ಎಂದು ಹೆಸರು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಈಗ ಆಂಡ್ರಾಯ್ಡ್ ದೂರವಾಣಿಗಳ ಮೂಲಕ ನಮ್ಮ ಮನೆಮನೆಯಲ್ಲಿಯೂ ಇದೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ ಪಂಕ್ತಿಗಳನ್ನಷ್ಟೇ ಬೇರೆಯಾಗಿ ಬರೆದಿಟ್ಟ ಕಡತವನ್ನು ಪ್ಯಾಚ್, ಎಂದರೆ ತೇಪೆ ಎನ್ನುತ್ತಾರೆ. ಹೆಸರು ಅನ್ವರ್ಥವಾಗಿಯೇ ಇದೆ. ಬಟ್ಟೆ ಬದಲಾದರೆ ತೇಪೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕಲ್ಲವೆ? ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಬಿಡುಗಡೆ ಬರುತ್ತದೆ. ಹೊರಗಿನ ಬಳಕೆದಾರರಿಗೆ ಕೊಟ್ಟ ವಚನವನ್ನು ಕರ್ನೆಲಿನವರು ನಿಷ್ಠೆಯಿಂದ ನಡೆಸುತ್ತಾರಾದರೂ ಒಳಗಿನ ಏರ್ಪಾಡು ಹೀಗೆಯೇ ಇರುವುದೆಂದು ಅವರು ಯಾರಿಗೂ ಮಾತು ಕೊಟ್ಟಿಲ್ಲ.

ಈ ಮರುಹೊಲಿಗೆಗೆ ನೆರವಾಗುವ ಉಪಕರಣ ಗಿಟ್. ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನ ಉಚಿತವಾಗಿ ದೊರೆಯದಂತಾದಾಗ ಟೋರ್ವಾಲ್ಡ್ಸರು 2005ರ ಏಪ್ರಿಲಿನಲ್ಲಿ ಇದನ್ನು ರಚಿಸಲು ತೊಡಗಿದರು. ಯಾರು, ಎಂದು, ಯಾವ ಪಂಕ್ತಿಯನ್ನು, ಏತಕ್ಕೆ ತಿದ್ದಿದರೆಂಬ ಚರಿತ್ರೆಯನ್ನು ಅದು ಕಾಪಾಡುತ್ತದೆ. ನಮ್ಮ ತೇಪೆಗಳನ್ನು ಹಳೆಯ ತಳದಿಂದ ಎತ್ತಿ ಹೊಸ ತಳದ ಮೇಲೆ ಒಂದೊಂದಾಗಿ ಇರಿಸುತ್ತದೆ. ನಾವು ತಿದ್ದಿದ ಸ್ಥಳವನ್ನೇ ಮೂಲದವರೂ ತಿದ್ದಿದ್ದರೆ ಕೆಲಸವನ್ನು ನಿಲ್ಲಿಸಿ, ಇಲ್ಲಿ ಘರ್ಷಣೆಯಿದೆ, ನೀವೇ ನಿರ್ಣಯಿಸಿರಿ ಎನ್ನುತ್ತದೆ. ಒಮ್ಮೆ ಕೊಟ್ಟ ನಿರ್ಣಯವನ್ನು ನೆನಪಿಟ್ಟು, ಅದೇ ಘರ್ಷಣೆ ಮರಳಿ ಬಂದಾಗ ತಾನೇ ಅನ್ವಯಿಸುವ ಏರ್ಪಾಡೂ ಅದರಲ್ಲಿದೆ.

ಘರ್ಷಣೆಯಿಂದ ಅಷ್ಟು ಭಯವಿಲ್ಲ. ಭಯವಿರುವುದು ಘರ್ಷಣೆಯಿಲ್ಲದೆ ಕೂತ ತೇಪೆಯಿಂದ. ಒಂದು ಕಾರ್ಯವನ್ನು ಕರೆಯುವವನೇ ಮುಂಚಿತವಾಗಿ ಬೀಗ ಹಾಕತಕ್ಕದ್ದೆಂಬ ಕಟ್ಟಳೆ ಹಿಂದೆ ಇತ್ತೆನ್ನೋಣ. ಹೊಸ ಬಿಡುಗಡೆಯಲ್ಲಿ ಆ ಕಾರ್ಯವೇ ಬೀಗ ಹಾಕಿಕೊಳ್ಳುವಂತೆ ಮಾಡಿದರು. ನಮ್ಮ ತೇಪೆ ಹಳೆಯ ವಾಡಿಕೆಯಂತೆ ಬೀಗ ಹಾಕಿಯೇ ಕರೆಯುತ್ತದೆ, ಒಳಗಿನದು ಅದೇ ಬೀಗ ತೆರೆಯಲೆಂದು ಕಾಯುತ್ತ ನಿಲ್ಲುತ್ತದೆ, ಯಂತ್ರ ಸ್ತಬ್ಧವಾಗುತ್ತದೆ. ತಿದ್ದಿದ ಸ್ಥಳಗಳು ಬೇರೆಬೇರೆಯಾದ್ದರಿಂದ ಗಿಟ್ ಯಾವ ಆಕ್ಷೇಪವನ್ನೂ ಹೇಳಿರುವುದಿಲ್ಲ. ಅಕ್ಷರ ಹೊಂದಿತು, ಅರ್ಥ ಹೊಂದಲಿಲ್ಲ. ಈ ಸ್ಥಿತಿ ನಮ್ಮ ಓಲೆಗರಿಯ ಲಿಪಿಕಾರರಿಗೂ ಅಪರಿಚಿತವಲ್ಲ. ಹುಣಸೂರಿನ ಸೀಮೆಯ ಕಲ್ಲಹಳ್ಳಿಯಲ್ಲಿದ್ದ 16ನೆಯ ಶತಮಾನದ ಮೂರನೆಯ ಮಂಗರಸನಂಥ ಕವಿಯ ಕಾವ್ಯವನ್ನು ಪ್ರತಿಮಾಡುವವನು ತನಗೆ ತಿಳಿಯದ ಹಳೆಯ ಪದಕ್ಕೆ ಬದಲು ಛಂದಸ್ಸಿಗೆ ಒಪ್ಪುವ ಬೇರೊಂದು ಪದವನ್ನಿಟ್ಟನೆಂದರೆ, ಆ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ. ಛಂದಸ್ಸು ಕೆಟ್ಟಿದ್ದರೆ ಮುಂದಿನವನು ಸಂಶಯಿಸಿಯಾದರೂ ಸಂಶಯಿಸುತ್ತಿದ್ದ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯಕೋಶಾಗಾರದಂಥ ಸ್ಥಳಗಳಲ್ಲಿ ಪ್ರತಿಪ್ರತಿಗಳನ್ನು ಎದುರಿಟ್ಟು ಪಾಠವನ್ನು ನಿರ್ಣಯಿಸಿದ ವಿದ್ವಾಂಸರ ಶ್ರಮದ ಬಹುಪಾಲು ಇಂಥ ನಯವಾದ ತೇಪೆಗಳನ್ನು ಗುರುತಿಸುವುದರಲ್ಲಿಯೇ ಕಳೆಯಿತು. ತಿದ್ದಿದವನು ಕಾರಣವನ್ನು ಅಂಚಿನಲ್ಲಿ ಬರೆದಿಟ್ಟಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ಈಗ ಋಣದ ಮಾತಿಗೆ ಬರೋಣ. “ತೇಪೆ ನನ್ನದು, ಯಂತ್ರ ನನ್ನದು, ಮೂಲಕ್ಕೆ ಮರಳಿಸುವ ಹಂಗು ನನಗೇಕೆ?” ಎಂದು ಒಬ್ಬನು ಕೇಳಿದರೆ ಕಾನೂನು ಅವನ ಪಕ್ಷವನ್ನೇ ವಹಿಸುತ್ತದೆ. ಕರ್ನೆಲಿನ ಪರವಾನಗಿಯಂತೆ ತಿದ್ದಿದ್ದನ್ನು ತಾನೇ ಬಳಸುವವನಿಗೆ ಯಾವ ನಿರ್ಬಂಧವೂ ಇಲ್ಲ. ಇತರರಿಗೆ ಹಂಚಿದರೆ ಮಾತ್ರ ಮೂಲಪಾಠವನ್ನೂ ಅವರಿಗೆ ಒದಗಿಸತಕ್ಕದ್ದು. ಮೂಲದಲ್ಲಿ ಸೇರಿಸಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಆದರೆ ಆ ಯಂತ್ರವನ್ನು ನಂಬಿದವರು ಬೇರೆಯವರಾಗಿದ್ದರೆ? ಹೆಗ್ಗಡದೇವನಕೋಟೆಯ ಕಡೆಯ ಒಂದು ಶಾಲೆಗೆ ಒಬ್ಬ ತರುಣನು ಹಳೆಯ ಯಂತ್ರಗಳನ್ನು ತೇಪೆ ಹಾಕಿ ನಡೆಸಿಕೊಟ್ಟನೆನ್ನೋಣ. ಅವನು ಉದ್ಯೋಗಕ್ಕಾಗಿ ದೂರ ಹೋದ. ಭದ್ರತೆಯ ದೋಷವನ್ನು ಪರಿಹರಿಸಿದ ಹೊಸ ಬಿಡುಗಡೆ ಬಂದಿದೆ. ಹಾಕಿದರೆ ತೇಪೆ ಕಳಚುತ್ತದೆ, ಹಾಕದಿದ್ದರೆ ಕಳ್ಳನಿಗೆ ಬಾಗಿಲು ತೆರೆದಂತೆ. ಉಪಾಧ್ಯಾಯರು ಏನು ಮಾಡಬೇಕು? ತರುಣನ ಔದಾರ್ಯ ಸುಳ್ಳಲ್ಲ, ಆದರೆ ಅದರ ಬೆಲೆಯನ್ನು ಈಗ ಮಕ್ಕಳು ತೆರುತ್ತಿದ್ದಾರೆ. ದೊಡ್ಡ ಪ್ರಮಾಣದಲ್ಲಿ ದೂರವಾಣಿಗಳ ಕಥೆಯೂ ಇದೇ. ಆಂಡ್ರಾಯ್ಡಿಗಾಗಿ ಬರೆದ ಕೆಲವು ಭಾಗಗಳನ್ನು, ನೋಡಿಕೊಳ್ಳುವವರಿಲ್ಲದ ಕಾರಣ, 2010ರಲ್ಲಿ ಮೂಲದಿಂದ ತೆಗೆದುಹಾಕಿದರು. ಅವು ಮರಳಿ ಸೇರಿದ್ದು 2012ರ 3.3ನೆಯ ಬಿಡುಗಡೆಯಲ್ಲಿ. ಚಿಪ್ಪಿನವರು, ದೂರವಾಣಿಯವರು ಒಬ್ಬರ ತೇಪೆಯ ಮೇಲೊಬ್ಬರು ತೇಪೆ ಹಾಕುತ್ತ ಮೂಲದಿಂದ ಬಹುದೂರ ಸಾಗಿದ್ದರಿಂದ, ಒಳ್ಳೆಯ ಸ್ಥಿತಿಯಲ್ಲಿದ್ದ ಅದೆಷ್ಟೋ ದೂರವಾಣಿಗಳು ಪರಿಷ್ಕಾರ ದೊರೆಯದೆ ಮೂಲೆ ಸೇರಿದವು.

ಹಾಗೆಂದು ಎಲ್ಲವನ್ನೂ ಮೂಲಕ್ಕೇ ಒಪ್ಪಿಸಬೇಕೆಂದು ನಾವು ಸಾಧಿಸಲಾರೆವು. ಕೊಡಗಿನಲ್ಲಿ ಹುಟ್ಟಿ ಬರುವ ಲಕ್ಷ್ಮಣತೀರ್ಥಕ್ಕೆ ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಅಣೆಕಟ್ಟೆಯಿದೆ. ಅಂಥ ಕಟ್ಟೆಯ ನಾಲೆಗಳು ಮಳೆಗಾಲ ಕಳೆದ ಮೇಲೆ ಹೂಳು ತುಂಬುತ್ತವೆ. ಹೂಳೆತ್ತದೆ ನೀರು ಗದ್ದೆಗೆ ಹರಿಯದು. ಪ್ರತಿವರ್ಷ ಈ ಶ್ರಮವೇಕೆ, ಹೊಳೆಯೇ ಗದ್ದೆಯ ಮೇಲೆ ಹರಿಯಬಾರದೆ ಎಂದು ರೈತನು ಕೇಳುವುದಿಲ್ಲ. ಸ್ಥಳೀಯ ಅವಶ್ಯಕತೆ ಅವಶ್ಯಕತೆಯೇ. ಲೋಕಕ್ಕೆಲ್ಲ ಒಂದಾದ ಮೂಲದಲ್ಲಿ ಅದಕ್ಕೆ ಸ್ಥಾನವಿಲ್ಲದಿರಬಹುದು, ಪಾಲಕರು ನಿರಾಕರಿಸಲೂಬಹುದು. ಅಂಥ ತೇಪೆಯನ್ನು ಇಟ್ಟುಕೊಳ್ಳುವವನು ಅದನ್ನು ಚಿಕ್ಕದಾಗಿರಿಸಿ, ಒಂದೊಂದು ಉದ್ದೇಶಕ್ಕೆ ಒಂದೊಂದಾಗಿ ಬೇರ್ಪಡಿಸಿ, ಕಾರಣವನ್ನು ಬರೆದಿಟ್ಟರೆ ಇನ್ನೊಬ್ಬನು ಹೂಳೆತ್ತಲು ದಾರಿಯಾಗುತ್ತದೆ. ನಾಲೆ ಎಲ್ಲಿದೆಯೆಂದು ಒಬ್ಬನಿಗೆ ಮಾತ್ರ ಗೊತ್ತಿರುವ ಊರಿನ ಗದ್ದೆ ಎಷ್ಟು ಕಾಲ ಹಸುರಾಗಿರಬಲ್ಲುದು?

ಗಿಟ್‌ನಲ್ಲಿ ಒಂದು ಸೂಕ್ಷ್ಮವನ್ನು ನಾವು ವಿಶೇಷವಾಗಿ ಮೆಚ್ಚಿದ್ದೇವೆ. ಪ್ರತಿಯೊಂದು ತಿದ್ದುಪಡಿಗೂ ಅದು ಎರಡು ಹೆಸರುಗಳನ್ನು ದಾಖಲಿಸುತ್ತದೆ: ಬರೆದವನದು ಒಂದು, ಈ ಸ್ಥಳದಲ್ಲಿ ಕೂರಿಸಿದವನದು ಇನ್ನೊಂದು. ತೇಪೆಯನ್ನು ಹೊಸ ತಳಕ್ಕೆ ಎಷ್ಟು ಸಲ ಒಯ್ದರೂ ಬರೆದವನ ಹೆಸರು ಉಳಿಯುತ್ತದೆ, ಒಯ್ದವನ ಹೆಸರು ಮಾತ್ರ ಬದಲಾಗುತ್ತದೆ. ಕೀರ್ತಿ ಒಬ್ಬನಿಗೆ, ಹೊಣೆ ಇನ್ನೊಬ್ಬನಿಗೆ ಎಂದು ಇದನ್ನು ಆಕ್ಷೇಪಿಸುವವರುಂಟು. ನಮಗಾದರೋ ಈ ವಿಭಾಗ ನ್ಯಾಯವಾಗಿಯೇ ತೋರುತ್ತದೆ. ಬರೆದವನಿಗೆ ಹೊಸ ತಳದ ಪರಿಚಯವೇ ಇಲ್ಲದಿರುವಾಗ ಅಲ್ಲಿನ ಹೊಂದಾಣಿಕೆಗೆ ಅವನು ಹೇಗೆ ಹೊಣೆಯಾದಾನು?

ದೀರ್ಘ ತಾಳ್ಮೆಯ ನಿದರ್ಶನವೂ ಈ ಕ್ಷೇತ್ರದಲ್ಲಿದೆ. ಗೊತ್ತಾದ ಗಳಿಗೆಯೊಳಗೆ ಯಂತ್ರ ಉತ್ತರ ಕೊಡಲೇಬೇಕೆಂಬ ಕೆಲಸಗಳಿಗಾಗಿ ಲಿನಕ್ಸನ್ನು ಅಳವಡಿಸುವ ತೇಪೆಗಳ ಒಂದು ಮಾಲೆಯನ್ನು ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಸುಮಾರು ಇಪ್ಪತ್ತು ವರ್ಷ ಮೂಲದ ಹೊರಗಿಟ್ಟುಕೊಂಡು, ಬಿಡುಗಡೆಯಿಂದ ಬಿಡುಗಡೆಗೆ ಹೊತ್ತು ತಂದರು. ಅದರ ಒಂದೊಂದು ಭಾಗವನ್ನೂ ಎಲ್ಲರಿಗೂ ಉಪಯುಕ್ತವಾಗುವಂತೆ ಮರಳಿ ಬರೆದು ಮೂಲಕ್ಕೆ ಸೇರಿಸುತ್ತ ಬಂದು, ಕೊನೆಗೆ 2024ರ ನವೆಂಬರಿನ 6.12ನೆಯ ಬಿಡುಗಡೆಯಲ್ಲಿ ಮುಖ್ಯಭಾಗವನ್ನು ಒಳಗೆ ತಲುಪಿಸಿದರು. ಅದಾದ ಮೇಲೂ ಕೆಲವು ಚಿಕ್ಕ ತೇಪೆಗಳು ಹೊರಗೆಯೇ ಉಳಿದವು. ಅವನ್ನು ಮುಂದಿನ ಬಿಡುಗಡೆಗೆ ಹೊಂದಿಸುವ ಕೆಲಸ ಮತ್ತೆ ಮೊದಲಾಯಿತು.