ಬಿಡುವುದರಲ್ಲೂ ಒಂದು ನ್ಯಾಯ

ಚಂದ ಕಂಡದ್ದನ್ನು ಹಿಡಿದಿಡುವ ಹಂಬಲ ಸಹಜವೇ. ನಮ್ಮ ಮರವಂತೆಯನ್ನೇ ನೋಡಿ: ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ನಡುವೆ 66ನೇ ಹೆದ್ದಾರಿ. ಕುಂದಾಪುರದಿಂದ ಬೈಂದೂರಿಗೆ ಹೋಗುವವರು ಇಲ್ಲಿಳಿದು ಫೋಟೋ ತೆಗೆಯುತ್ತಾರೆ. ಕಡಲ್ಕೊರೆತ ತಡೆಯಲು ಸುರಿದ ಬಂಡೆಗಲ್ಲುಗಳು ಮಾತ್ರ ಕಾಣದಂತೆ ಕ್ಯಾಮೆರಾ ಓರೆ ಮಾಡುತ್ತಾರೆ. ಕಲ್ಲಿನ ಜೊತೆಗೆ, ಮಳೆಗಾಲದಲ್ಲಿ ನಿದ್ದೆಗೆಡುವ ಮನೆಗಳ ಕಥೆಯೂ ಚಿತ್ರದಿಂದ ಆಚೆ ಉಳಿಯುತ್ತದೆ. ಇದು ಸುಳ್ಳೇ?

ಸುಳ್ಳೆನ್ನಲಾರೆ. ರಂಗೋಲಿ ಹಾಕುವವಳೂ ಅಂಗಳವನ್ನೆಲ್ಲ ತುಂಬುವುದಿಲ್ಲ, ಬಿಡುವುದೂ ಕಲೆಯೇ. ಆದರೆ ಏನನ್ನು, ಏಕೆ ಬಿಟ್ಟೆವೆಂದು ನಮಗೆ ಗೊತ್ತಿರಬೇಕು. ಬ್ರಹ್ಮಾವರದ ಬಳಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರಲ್ಲಿ ‘ಡೊಮಿಂಗೊ’ ಮೂಕಿ ಚಿತ್ರ ಮಾಡಿದಾಗ ರೀಲಿನ ಅಡಿಅಡಿಗೂ ದುಡ್ಡು ತೆರಬೇಕಿತ್ತು, ಯೋಚಿಸದೆ ವಿಧಿಯಿರಲಿಲ್ಲ. ಇಂದು ಮೊಬೈಲಿನಲ್ಲಿ ತೆಗೆಯಲು ಖರ್ಚಿಲ್ಲ. ಹಾಗೆಂದು ಯೋಚನೆಯೂ ಬೇಡವೇ?

ನನ್ನ ವಿದ್ಯಾರ್ಥಿನಿಯೊಬ್ಬಳು ಗಂಗೊಳ್ಳಿಯಲ್ಲಿ ಮೀನು ಮಾರುವ ಅಜ್ಜಿಯ ವಿಡಿಯೋ ಮಾಡಲು ಅವರನ್ನೇ ಕೇಳಿದಳು. “ಒಂಚೂರ್ ನಿಲ್ಲ್ ಮಗಾ” ಎಂದ ಅಜ್ಜಿ ಬುಟ್ಟಿ ಇಳಿಸಿ, ಕೂದಲು ಸರಿಮಾಡಿಕೊಂಡು, ಮುಖವೆತ್ತಿ ನಿಂತರು. ಕೇಳದೆ ತೆಗೆದಿದ್ದರೆ ಬಾಗಿದ ಬೆನ್ನಷ್ಟೇ ಸಿಗುತ್ತಿತ್ತು.

ಅಜ್ಜಿ ಬೇಡವೆಂದಿದ್ದರೆ? ಮೊಬೈಲನ್ನು ಚೀಲಕ್ಕೆ ಹಾಕಿ, ಮೀನು ಕೊಂಡು ಮನೆಗೆ ಬರಬೇಕಿತ್ತು. ಕೆಲವು ಚಿತ್ರಗಳು ನಮ್ಮ ಕಣ್ಣಿನಲ್ಲಿ ಉಳಿದರೆ ಸಾಕು.